ಇನ್ಸುಲಿನ್ ಹಂದಿಯಿಂದ ಬರುತ್ತದೆಯೇ? ನಮ್ಮ ಜೀನ್ ಕೆಡಿಸುತ್ತದೆಯೇ?

ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಈ ಎರಡು ಮಾತು ಕೇಳಿಬರುತ್ತಲೇ ಇರುತ್ತವೆ. 'ಇನ್ಸುಲಿನ್ ಹಂದಿಯಿಂದ ತೆಗೆದದ್ದು' ಎಂಬುದು ಒಂದು. 'ಅದು ಜೀನ್ ಬದಲಿಸಿ ಮಾಡಿದ ಔಷಧ, ಚುಚ್ಚಿಸಿಕೊಂಡರೆ ನಮ್ಮ ಜೀನೂ ಬದಲಾಗುತ್ತದೆ' ಎಂಬುದು ಇನ್ನೊಂದು. ಮೊದಲನೆಯದು ಒಂದು ಕಾಲದಲ್ಲಿ ನಿಜವಾಗಿತ್ತು. ಎರಡನೆಯದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು.

ಮಧುಮೇಹಿಯೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದ್ದು 1922ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಆಮೇಲೆ ಸುಮಾರು ಅರವತ್ತು ವರ್ಷ ಜಗತ್ತಿಗೆಲ್ಲ ಇನ್ಸುಲಿನ್ ಸಿಕ್ಕಿದ್ದು ಕಸಾಯಿಖಾನೆಗಳಿಂದಲೇ. ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ ಅದನ್ನು ಬೇರ್ಪಡಿಸುತ್ತಿದ್ದರು. ನಮ್ಮ ಇನ್ಸುಲಿನ್ 51 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಹಂದಿಯದು ಅದಕ್ಕಿಂತ ಒಂದೇ ಒಂದು ಅಮೈನೋ ಆಮ್ಲದಲ್ಲಿ ಬೇರೆ, ದನದ್ದು ಮೂರರಲ್ಲಿ. ಹಾಗಾಗಿ ಔಷಧವೇನೋ ಕೆಲಸ ಮಾಡುತ್ತಿತ್ತು, ಆದರೆ ಕೆಲವರಿಗೆ ಅಲರ್ಜಿಯಾಗುತ್ತಿತ್ತು. ಜೊತೆಗೆ ಸ್ವಲ್ಪ ಇನ್ಸುಲಿನ್‌ಗೂ ರಾಶಿಗಟ್ಟಲೆ ಗ್ರಂಥಿಗಳು ಬೇಕಾಗುತ್ತಿದ್ದವು.

1978ರಲ್ಲಿ ಅಮೆರಿಕದ ವಿಜ್ಞಾನಿಗಳು ಬೇರೆ ದಾರಿ ಹುಡುಕಿದರು. ಇನ್ಸುಲಿನ್ ಜೀನ್ ಎಂದರೆ ಆ ಪ್ರೋಟೀನನ್ನು ಹೇಗೆ ಕಟ್ಟಬೇಕು ಎಂದು ಬರೆದಿಟ್ಟ ಚೀಟಿ ಇದ್ದ ಹಾಗೆ. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಬ್ಯಾಕ್ಟೀರಿಯಾಕ್ಕೆ ಇದು ಯಾರ ಚೀಟಿ ಎಂಬ ಪ್ರಶ್ನೆಯೇ ಇಲ್ಲ, ಓದಿಕೊಂಡು ಮಾಡಿಕೊಟ್ಟಿತು. 1982ರಲ್ಲಿ ಈ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂಥ ವಿಧಾನದಲ್ಲಿ ತಯಾರಾಗಿ ರೋಗಿಗಳ ಕೈಸೇರಿದ ಮೊದಲ ಔಷಧ ಇದೇ. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ತಯಾರಾಗುವುದು ಪಿಕಿಯಾ ಎಂಬ ಯೀಸ್ಟಿನಲ್ಲಿ, ಅಂದರೆ ಬ್ರೆಡ್ಡು ಉಬ್ಬಿಸುವ ಯೀಸ್ಟಿನ ದೂರದ ನೆಂಟನಲ್ಲಿ.

ನಂಬಿಕೆ ಬಾರದಿದ್ದರೆ ಫ್ರಿಜ್ಜಿನಲ್ಲಿರುವ ಬಾಟಲಿ ತೆಗೆದು ಲೇಬಲ್ ನೋಡಿ. ಹ್ಯೂಮನ್ ಇನ್ಸುಲಿನ್ ಎಂಬ ಹೆಸರಿನ ಹತ್ತಿರ 'ಆರ್‌ಡಿಎನ್‌ಎ' ಎಂಬ ಇಂಗ್ಲಿಷ್ ಅಕ್ಷರಗಳು ಕಂಡರೆ, ಅದು ಪ್ರಾಣಿಯಿಂದ ತೆಗೆದದ್ದಲ್ಲ, ಜೀನ್ ತಂತ್ರಜ್ಞಾನದಿಂದ ಮಾಡಿದ್ದು ಎಂದರ್ಥ. 'ಹ್ಯೂಮನ್' ಎಂದಿದೆಯೆಂದು ಮನುಷ್ಯರಿಂದ ತೆಗೆದರೇನೋ ಎಂದೂ ಗಾಬರಿಯಾಗಬೇಡಿ. ನಮ್ಮ ದೇಹದ್ದೇ ರಚನೆ ಎಂಬುದಷ್ಟೇ ಅದರ ಅರ್ಥ.

ಇನ್ನು ಜೀನ್ ಕೆಡುವ ಮಾತು. ಜೀನ್ ಬದಲಾದದ್ದು ಯೀಸ್ಟಿನದು ಅಥವಾ ಬ್ಯಾಕ್ಟೀರಿಯಾದ್ದು, ಅದೂ ಕಾರ್ಖಾನೆಯ ಮುಚ್ಚಿದ ಟ್ಯಾಂಕಿನೊಳಗೆ. ಬಾಟಲಿಗೆ ಬರುವುದು ಶುದ್ಧೀಕರಿಸಿದ ಪ್ರೋಟೀನು. ಅದು ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ದಾಟಿಸಿ, ಕೆಲಸ ಮುಗಿದ ಮೇಲೆ ದೇಹದಲ್ಲೇ ಒಡೆದುಹೋಗುತ್ತದೆ. ನಮ್ಮ ಜೀನನ್ನು ತಿದ್ದುವ ಶಕ್ತಿ ಅದಕ್ಕಿಲ್ಲ. ಕುಲಾಂತರಿ ಬದನೆ, ಹತ್ತಿಯ ಬಗ್ಗೆ ನಡೆಯುವ ವಾದವೇ ಬೇರೆ. ಅಲ್ಲಿ ಹೊಲ, ಪರಾಗ, ಬೀಜದ ಒಡೆತನ ಎಲ್ಲವೂ ಬರುತ್ತದೆ. ಆ ವಾದವನ್ನು ತಂದು ಇನ್ಸುಲಿನ್ ಬಾಟಲಿಗೆ ಅಂಟಿಸುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಈ ಗಾಳಿಮಾತು ಅಪಾಯಕ್ಕೆ ತಿರುಗುವುದು ಯಾರಾದರೂ ಚುಚ್ಚುಮದ್ದು ನಿಲ್ಲಿಸಿದಾಗ. ಅದರಲ್ಲೂ ಟೈಪ್ 1 ಮಧುಮೇಹ ಇರುವ ಮಕ್ಕಳ ದೇಹ ಇನ್ಸುಲಿನ್ ತಯಾರಿಸುವುದೇ ಇಲ್ಲ ಎನ್ನಬಹುದು. ಅವರಿಗೆ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ರಕ್ತ ಆಮ್ಲೀಯವಾಗತೊಡಗಿ ಜೀವಕ್ಕೇ ಕುತ್ತು ಬರಬಹುದು. ವಿಪರೀತ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಉಸಿರಿನಲ್ಲಿ ಹಣ್ಣಿನಂಥ ವಾಸನೆ, ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಟೈಪ್ 2 ಇರುವವರಲ್ಲಿ ಕೆಲವರಿಗೆ ಇನ್ಸುಲಿನ್ ಕಡಿಮೆ ಮಾಡಲು ಸಾಧ್ಯವಾಗುತ್ತದೆ. ಅದನ್ನು ಸಕ್ಕರೆ ಪರೀಕ್ಷೆಯ ವರದಿ ನೋಡಿ ವೈದ್ಯರು ಹೇಳಬೇಕು.