ವಾತಾಪಿಯ ಶಿಲೆ, ಮಹಾನಗರದ ಧೂಳು

ಶಕವರ್ಷ 465, ಅಂದರೆ ಕ್ರಿ.ಶ. 543. ಇಂದು ಬಾದಾಮಿಯೆನಿಸಿದ ವಾತಾಪಿಯ ಬೆಟ್ಟವನ್ನು ಅಭೇದ್ಯ ದುರ್ಗವಾಗಿಸಿದ ಚಾಲುಕ್ಯ ದೊರೆ ಒಂದನೆಯ ಪುಲಕೇಶಿ ಆ ಸಂಗತಿಯನ್ನು ಅಲ್ಲಿನ ಬಂಡೆಯ ಮೇಲೆಯೇ ಬರೆಯಿಸಿದ. 578ರಲ್ಲಿ ಅವನ ಮಗ ಮಂಗಳೇಶನು ಅದೇ ಬೆಟ್ಟದ ಒಡಲು ಕೊರೆಯಿಸಿ ಮಹಾವಿಷ್ಣುವಿಗೆ ಗೃಹವನ್ನು ಸಮರ್ಪಿಸಿದ. 634ರಲ್ಲಿ ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುಟಿ ಬಸದಿಯ ಗೋಡೆಯ ಮೇಲೆ, ನರ್ಮದೆಯಲ್ಲಿ ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿಯ ಕೀರ್ತಿಗೆ ಕವಿ ರವಿಕೀರ್ತಿ ಅಕ್ಷರರೂಪ ಕೊಟ್ಟ. ಎಂಟೇ ವರ್ಷಗಳಲ್ಲಿ ಪಲ್ಲವ ನರಸಿಂಹವರ್ಮನ ಸೇನೆ ರಾಜಧಾನಿ ವಾತಾಪಿಯನ್ನು ಹೊಕ್ಕಿತು. ಸಾಮ್ರಾಜ್ಯ ಏರಿತು, ಬಿದ್ದಿತು, ಮತ್ತೆ ಎದ್ದಿತು. ಆ ಏಳುಬೀಳುಗಳ ನಡುವೆಯೂ ನಮ್ಮ ಪೂರ್ವಜರ ಉಳಿ ಮೌನವಾಗಲಿಲ್ಲ. ಬಾದಾಮಿಯ ಮರಳುಗಲ್ಲೆಂದರೆ ಕಬ್ಬಿಣದ ಆಕ್ಸೈಡಿನ ಕೆಂಪು ಹೊದ್ದ ಸಿಲಿಕಾ ಕಣಗಳ ರಾಶಿ. ಉಳಿಯ ಬಾಯಿಂದ ಉದುರಿದ ಆ ಕಣಗಳಲ್ಲಿ ಬಹುಪಾಲು ದಪ್ಪನೆಯವು, ಶಿಲ್ಪಿಯ ಪಾದದ ಬಳಿಯೇ ಬಿದ್ದು ಮಣ್ಣಾದವು.

ಕಾಲಾಂತರದಲ್ಲಿ ನಮ್ಮ ಶಿಲೆಗೆ ಬೇರೆ ಪ್ರಭುಗಳು ಬಂದರು. ಬಾಗಲಕೋಟೆಯ ಸುಣ್ಣದ ಕಲ್ಲು ಸಿಮೆಂಟಿನ ಕುಲುಮೆ ಸೇರಿತು. ಇಳಕಲ್ಲೆಂದರೆ ಕನ್ನಡಿಗರಿಗೆ ಸೀರೆ. ಕಡಲಾಚೆಯ ವ್ಯಾಪಾರಿಗೆ ಮಾತ್ರ ಅದು ಕೆಂಪು ಗ್ರಾನೈಟಿನ ಹೆಸರು. ಯಂತ್ರ ಕೊರೆದ ಗ್ರಾನೈಟಿನ ಧೂಳು ಉಳಿಯ ಧೂಳಿನಂತೆ ಸುಮ್ಮನೆ ನೆಲಕ್ಕಿಳಿಯದು. ಅದರ ಅತಿಸೂಕ್ಷ್ಮ ಸಿಲಿಕಾ ಶ್ವಾಸಕೋಶದ ಆಳದಲ್ಲಿ ನೆಲೆಯೂರಿ ಸಿಲಿಕೋಸಿಸ್ ತರುತ್ತದೆ, ಆ ರೋಗವನ್ನು ಗುಣಪಡಿಸುವ ಔಷಧವಿಲ್ಲ. ದುರ್ಗದ ಗೋಡೆಗೆ ಕೈಮುಗಿಯುವ ನಾವು ಈ ಧೂಳು ಕುಡಿಯುವ ಕಲ್ಲುಕುಟಿಗನ ಉಸಿರಿಗೂ ಋಣಿಗಳೆಂದು ನಾನು ನಂಬಿದ್ದೇನೆ.

ಮಹಾನಗರಗಳ ಗಾಳಿಯಲ್ಲಿ ಆಳುವುದು ಇದಕ್ಕಿಂತ ಗೂಢವಾದ ಸೂಕ್ಷ್ಮಕಣಗಳ ಸಾಮ್ರಾಜ್ಯ. 2.5 ಮೈಕ್ರಾನಿಗಿಂತ ಚಿಕ್ಕವಾದ ಆ ಕಣಗಳಲ್ಲಿ ಅರೆದ ಕಲ್ಲು, ಅಂದರೆ ಸಿಲಿಕಾ, ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ, ಒಂದು ಪಾಲು ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವು ಅಗ್ನಿಸಂಜಾತ. ಮೊದಲು ಕಲ್ಲಿದ್ದಲಿನ ಗಂಧಕ ಪಟ್ಟವೇರಿತು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಕವಿದ ಆಮ್ಲಮಯ ಹೊಗೆಮಂಜು ಐದು ದಿನಗಳಲ್ಲಿ ಸಾವಿರಾರು ಜೀವಗಳನ್ನು ಕೊಂಡೊಯ್ದಿತು. ಬಳಿಕ ಡೀಸೆಲ್ಲಿನ ಕಪ್ಪು ಇಂಗಾಲ ಬೀದಿಗಿಳಿಯಿತು. 2020ರ ಏಪ್ರಿಲಿನಲ್ಲಿ ಭಾರತದ ಡೀಸೆಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿದರೂ ಆ ಅಗ್ನಿಸಂಜಾತ ವಂಶ ಅಳಿಯಲಿಲ್ಲ: ವಿದ್ಯುತ್ ಸ್ಥಾವರಗಳ ಗಂಧಕವೂ ವಾಹನಗಳ ಸಾರಜನಕವೂ ಗಾಳಿಯಲ್ಲಿ ಆಮ್ಲವಾಗಿ, ಗೊಬ್ಬರ ಮತ್ತು ಸಗಣಿಯಿಂದೆದ್ದ ಅಮೋನಿಯಾವನ್ನು ಕೂಡಿ ಸಲ್ಫೇಟು, ನೈಟ್ರೇಟುಗಳಾಗಿ ಹೆಪ್ಪುಗಟ್ಟುತ್ತವೆ. ನಮ್ಮ ಹೊಲಗಳ ರವದಿ ಸುಟ್ಟ ಹೊಗೆಯೂ ತನ್ನ ಪೊಟ್ಯಾಸಿಯಂ ಮುದ್ರೆಯೊತ್ತಿಯೇ ಹೊರಡುತ್ತದೆ. ಸುಣ್ಣದ ಧೂಳಾದರೋ ಗಂಧಕಾಮ್ಲವನ್ನು ಎದುರುಗೊಂಡು ತಾನೇ ಜಿಪ್ಸಂ ಆಗಿ ಮಾರ್ಪಡುತ್ತದೆ. ಸಿಮೆಂಟು ಬೇಗ ಬಿಗಿಯದಿರಲೆಂದು ಬೆರೆಸುವ ವಸ್ತುವೂ ಇದೇ ಜಿಪ್ಸಂ.

2009ರಲ್ಲಿ ನಮ್ಮ ದೇಶ ಈ ಸೂಕ್ಷ್ಮಕಣಗಳಿಗೆ ಘನಮೀಟರಿಗೆ 40 ಮೈಕ್ರೋಗ್ರಾಂ ಎಂಬ ವಾರ್ಷಿಕ ಮೇರೆ ಹಾಕಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 5 ಎಂದಿತು. 2019ರಲ್ಲಿ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮ ಆರಂಭವಾದಾಗ ಗಾಳಿ ಶುದ್ಧಗೊಳಿಸಬೇಕಾದ ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡಗಳ ಹೆಸರುಗಳು ಬಂದವು. ಆ ಪಟ್ಟಿಯಲ್ಲಿ ಬಾಗಲಕೋಟೆ ಇರಲಿಲ್ಲ, ಇಳಕಲ್ಲೂ ಇರಲಿಲ್ಲ. ಇಳಕಲ್ಲಿನ ಗಣಿಯಲ್ಲಿ ಬಂಡೆಗೆ ಯಂತ್ರವೊಡ್ಡುವ ಕೆಲಸಗಾರ ಹೆಗಲ ಮೇಲಿನ ಟವೆಲನ್ನು ಮೂಗಿಗೆ ಸುತ್ತಿಕೊಳ್ಳುತ್ತಾನೆ.