ಅಮಲಿನ ಮನೆಯ ಮಕ್ಕಳು

ಅಮೆರಿಕದಲ್ಲಿ ಅಫೀಮು ತೊಟ್ಟಿಲ ತನಕ ಬಂದದ್ದು ಔಷಧದ ಶೀಸೆಯಲ್ಲಿ. 1849ರಲ್ಲಿ ಮೇನ್ ರಾಜ್ಯದ ಬ್ಯಾಂಗರ್ ಪಟ್ಟಣದಿಂದ ಮಾರಾಟಕ್ಕೆ ಹೊರಟ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ ಹಲ್ಲು ಮೂಡುವ ಕೂಸುಗಳ ಅಳು ನಿಲ್ಲಿಸುವ ಔಷಧವೆಂದು ಮನೆಮಾತಾಯಿತು. ಅದರ ಸುಮಾರು 30 ಮಿಲಿಲೀಟರಿನಲ್ಲಿ 65 ಮಿಲಿಗ್ರಾಂ ಮಾರ್ಫಿನ್ ಇತ್ತು. ಅಳು ನಿಲ್ಲುತ್ತಿತ್ತು, ಕೆಲವು ಕೂಸುಗಳ ಉಸಿರೂ ನಿಂತುಹೋಗುತ್ತಿತ್ತು. ಆ ಕಾಲದಲ್ಲಿ ಮಾರ್ಫಿನ್ ಚಟಕ್ಕೆ ಬಿದ್ದವರಲ್ಲಿ ಹೆಚ್ಚಿನವರು ವೈದ್ಯರೇ ಬರೆದುಕೊಟ್ಟ ಔಷಧದಿಂದ ಅದಕ್ಕೆ ಒಗ್ಗಿಹೋದ ಮಧ್ಯಮ ವರ್ಗದ ಹೆಂಗಸರು. ಅವರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ನಡುಗುತ್ತ, ಚೀರುತ್ತ, ಹಾಲು ಕುಡಿಯದೆ ಒದ್ದಾಡುವುದನ್ನು 1875ರಿಂದಲೇ ವೈದ್ಯರು ಬರೆದಿಟ್ಟಿದ್ದಾರೆ. ಶೀಸೆಯ ಮೇಲೆ ಮಾರ್ಫಿನ್ ಇದೆಯೆಂದು ಅಚ್ಚು ಹಾಕಲೇಬೇಕೆಂಬ ಕಾನೂನು ಬಂದದ್ದು 1906ರಲ್ಲಿ. ಮಾದಕಗಳನ್ನು ನಿಯಂತ್ರಿಸಿದ 1914ರ ಹ್ಯಾರಿಸನ್ ಕಾಯ್ದೆ ಮತ್ತು ಅದರ ಬೆನ್ನಿಗೆ ಬಂದ ತೀರ್ಪುಗಳು ವ್ಯಸನಿಯನ್ನು ವೈದ್ಯರ ಕೋಣೆಯಿಂದ ಪೊಲೀಸರ ಕಡತಕ್ಕೆ ದಾಟಿಸಿದವು. ಅಂದಿನಿಂದ ಚಟ ಮನೆಯೊಳಗೆ ಅಡಗಿತು. ಅದರ ಜೊತೆಗೆ ಆ ಮನೆಯ ಮಕ್ಕಳೂ ಮರೆಯಾದರು.

ಮಕ್ಕಳನ್ನು ಕಾಪಾಡುವ ಕಾನೂನು ಬೇರೊಂದು ಬಾಗಿಲಿನಿಂದ ಬಂತು. 1874ರಲ್ಲಿ ನ್ಯೂಯಾರ್ಕಿನ ಒಂದು ಬಾಡಿಗೆ ಮನೆಯಲ್ಲಿ ಮೇರಿ ಎಲೆನ್ ವಿಲ್ಸನ್ ಎಂಬ ಹುಡುಗಿ ಸಾಕುತಾಯಿಯ ಕೈಯಲ್ಲಿ ಏಟು ತಿನ್ನುತ್ತಿದ್ದಳು. ಎಟ್ಟಾ ವೀಲರ್ ಎಂಬ ಧರ್ಮಸೇವಕಿ ಆಕೆಯನ್ನು ಬಿಡಿಸಲು ಕಂಡ ಕಂಡ ಕಡೆ ಅಲೆದು, ಕೊನೆಗೆ ಪ್ರಾಣಿದಯಾ ಸಂಘದ ಸ್ಥಾಪಕ ಹೆನ್ರಿ ಬರ್ಗ್ ಅವರ ಬಳಿಗೆ ಹೋಗಬೇಕಾಯಿತು. ಹೊಡೆತ ತಿನ್ನುವ ಕುದುರೆಯ ಪರವಾಗಿ ನಿಲ್ಲಲು ಒಂದು ಸಂಘವಿತ್ತು, ಮಗುವಿನ ಪರವಾಗಿ ನಿಲ್ಲಲು ಇರಲಿಲ್ಲ. ಬರ್ಗ್ ನೆರವಿನಿಂದ ನಡೆದ ಮೊಕದ್ದಮೆಯ ಫಲವಾಗಿ ಮಕ್ಕಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘವೊಂದು ಹುಟ್ಟಿತು. ಅದೇ ಕಾಲಕ್ಕೆ ಇನ್ನೊಂದು ಪದ್ಧತಿಯೂ ನಡೆದಿತ್ತು. 1854ರಿಂದ 1929ರವರೆಗೆ ನಗರದ ಬಡ ಮಕ್ಕಳನ್ನು ರೈಲಿಗೆ ಹತ್ತಿಸಿ ಪಶ್ಚಿಮದ ರೈತ ಕುಟುಂಬಗಳಿಗೆ ಒಪ್ಪಿಸಲಾಗುತ್ತಿತ್ತು. ಹೀಗೆ ಹೋದ ಸುಮಾರು 2 ಲಕ್ಷ ಮಕ್ಕಳನ್ನು ‘ಅನಾಥರು’ ಎಂದು ಕರೆದರೂ, ಅನೇಕರ ತಂದೆ ತಾಯಿ ಬದುಕಿದ್ದರು. ಕುಡಿತವೋ ಬಡತನವೋ ಹಿಡಿದ ಮನೆಯಿಂದ ಮಗುವನ್ನು ದೂರ ಸಾಗಿಸಿದರೆ ಕೆಲಸ ಮುಗಿಯಿತೆಂಬ ನಂಬಿಕೆ ಬೇರು ಬಿಟ್ಟದ್ದು ಇಲ್ಲಿ. ಅದನ್ನು ಕೀಳಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಮನೆಯಲ್ಲೇ ಏಟು ತಿಂದ ಮಕ್ಕಳ ಬಗ್ಗೆ ತಮ್ಮ ಲೇಖನ ಪ್ರಕಟಿಸಿದ್ದು 1962ರಲ್ಲಿ. ಐದೇ ವರ್ಷಗಳಲ್ಲಿ ಎಲ್ಲ ರಾಜ್ಯಗಳೂ ಅಂಥ ಪ್ರಕರಣಗಳನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸಿದವು. 1974ರಲ್ಲಿ ಕೇಂದ್ರದ ಕಾಯ್ದೆಯೂ ಬಂತು.

ಈ ನಡುವೆ ಹೆರಾಯಿನ್ ನಗರಗಳನ್ನು ಹೊಕ್ಕಿತ್ತು. 1969ರ ಒಂದು ದಿನ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಲೊರೇನ್ ಹೇಲ್ ಎಂಬಾಕೆ ಅಮಲಿನಲ್ಲಿ ತೂಕಡಿಸುತ್ತಿದ್ದ ಹೆಂಗಸನ್ನು ಕಂಡಳು. ಮಡಿಲ ಕೂಸು ಜಾರಿ ಬೀಳುವುದರಲ್ಲಿತ್ತು. ಲೊರೇನ್ ತನ್ನ ತಾಯಿಯ ವಿಳಾಸ ಕೊಟ್ಟಳು. ತಾಯಿ ಕ್ಲಾರಾ ಹೇಲ್ ಆಗಲೇ ಅರವತ್ತು ದಾಟಿದ ವಿಧವೆ. ಹತ್ತಾರು ಸಾಕುಮಕ್ಕಳನ್ನು ಬೆಳೆಸಿ, ಇನ್ನು ವಿಶ್ರಾಂತಿ ಎಂದುಕೊಂಡಿದ್ದಾಕೆ. ಆ ಕೂಸು ಬಾಗಿಲಿಗೆ ಬಂತು. ಸುದ್ದಿ ಬೀದಿಯಿಂದ ಬೀದಿಗೆ ಹರಡಿ, ಎರಡು ತಿಂಗಳಲ್ಲಿ ಐದು ಕೋಣೆಯ ಆ ಮನೆಯಲ್ಲಿ 22 ಕೂಸುಗಳಿದ್ದವು.

ತಾಯಿಯ ರಕ್ತದ ಮೂಲಕ ಬರುತ್ತಿದ್ದ ಹೆರಾಯಿನ್ ಹೆರಿಗೆಯೊಂದಿಗೆ ತಟ್ಟನೆ ನಿಂತಾಗ ಕೂಸಿನ ಮೈ ಅದನ್ನು ಬೇಡುತ್ತದೆ. ಕೈಕಾಲು ನಡುಗುತ್ತವೆ, ಅಳು ಕೀರಲಾಗುತ್ತದೆ, ವಾಂತಿ ಭೇದಿ ಹತ್ತುತ್ತದೆ. ಚಿಕ್ಕ ಸದ್ದಿಗೂ ಮಗು ಬೆಚ್ಚುತ್ತದೆ. ಕ್ಲಾರಾ ಔಷಧ ಕೊಡುತ್ತಿರಲಿಲ್ಲ. ಕೂಸನ್ನು ಎದೆಗೆ ಅವಚಿಕೊಂಡು ರಾತ್ರಿಯಿಡೀ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುವುದು, ಮಾತಾಡಿಸುವುದು, ತೊಳೆಯುವುದು, ಉಣಿಸುವುದು, ಆಕೆಯ ಚಿಕಿತ್ಸೆ ಇಷ್ಟೇ. ತಾಯಂದಿರು ಚಿಕಿತ್ಸೆಗೆ ಹೋಗಬೇಕು, ನಡುನಡುವೆ ಬಂದು ಮಗುವನ್ನು ನೋಡಬೇಕು, ಗುಣವಾದ ಮೇಲೆ ಕರೆದೊಯ್ಯಬೇಕು ಎಂಬುದು ಆ ಮನೆಯ ನಡವಳಿಕೆ. ಮಗುವನ್ನು ಕಿತ್ತುಕೊಳ್ಳುವುದಕ್ಕೂ ಕಾಯ್ದಿಟ್ಟುಕೊಳ್ಳುವುದಕ್ಕೂ ಇರುವ ಅಂತರ ಆ ಅಜ್ಜಿಗೆ ತಿಳಿದಿತ್ತು. 1985ರಲ್ಲಿ ಅಧ್ಯಕ್ಷ ರೇಗನ್ ಸಂಸತ್ತಿನ ಭಾಷಣದಲ್ಲಿ ಆಕೆಯ ಹೆಸರು ಹೇಳಿ ಗೌರವಿಸಿದರು.

ದುರ್ದೈವವೆಂದರೆ, ಅದೇ ವರ್ಷ ದೇಶ ತದ್ವಿರುದ್ಧ ದಾರಿ ಹಿಡಿಯಿತು. ಕೊಕೇನಿನ ಅಗ್ಗದ ರೂಪವಾದ ಕ್ರ್ಯಾಕ್ ಬೀದಿಗೆ ಬಂದಿತ್ತು. 1985ರಲ್ಲಿ ವೈದ್ಯ ಇರಾ ಚಾಸ್ನಾಫ್ ಕೊಕೇನ್ ಬಳಸಿದ ಕೇವಲ 23 ತಾಯಂದಿರನ್ನು ನೋಡಿ ಬರೆದ ಒಂದು ಆರಂಭಿಕ ವರದಿಯಿಂದ ಪತ್ರಿಕೆಗಳು ‘ಕ್ರ್ಯಾಕ್ ಬೇಬಿ’ ಎಂಬ ಭೂತವನ್ನು ಎಬ್ಬಿಸಿದವು. ಇಡೀ ಒಂದು ಪೀಳಿಗೆಯೇ ಬುದ್ಧಿಮಾಂದ್ಯವಾಗುತ್ತದೆ ಎಂಬ ಹುಯಿಲೆದ್ದಿತು. ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ನಗರದ ಸಾರ್ವಜನಿಕ ಆಸ್ಪತ್ರೆಯೊಂದು 1989ರಿಂದ ಬಸುರಿಯರ ಮೂತ್ರ ಪರೀಕ್ಷಿಸಿ ಫಲಿತಾಂಶವನ್ನು ಪೊಲೀಸರಿಗೆ ಕೊಡತೊಡಗಿತು. ಬಂಧನಕ್ಕೊಳಗಾದ 30 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಕಪ್ಪು ಹೆಂಗಸರು. ಒಪ್ಪಿಗೆಯಿಲ್ಲದ ಇಂಥ ಪರೀಕ್ಷೆ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಜೈಲಿನ ಹೆದರಿಕೆಯಿದ್ದಲ್ಲಿ ಬಸುರಿ ಆಸ್ಪತ್ರೆಯ ಮೆಟ್ಟಿಲನ್ನೇ ತುಳಿಯುವುದಿಲ್ಲ. ಮಗುವಿಗೆಂದು ಮಾಡಿದ ಕಾನೂನು ಮಗುವಿಗೇ ಮುಳುವಾಗುವ ಬಗೆ ಇದು.

ಅತ್ತ ಆಸ್ಪತ್ರೆಗಳಲ್ಲಿ ಕಾಯಿಲೆಯಿಲ್ಲದ ಕೂಸುಗಳು ಕರೆದೊಯ್ಯುವವರಿಲ್ಲದೆ ತಿಂಗಳುಗಟ್ಟಲೆ ಉಳಿದವು. ಅವುಗಳಿಗೆಂದೇ 1988ರಲ್ಲಿ ಒಂದು ಕಾಯ್ದೆ ಮಾಡಬೇಕಾಯಿತು. 1980ರ ದಶಕದ ನಡುವಿನಲ್ಲಿ ಸುಮಾರು 2.8 ಲಕ್ಷದಷ್ಟಿದ್ದ ಸಾಕುಮನೆಯ ಮಕ್ಕಳ ಸಂಖ್ಯೆ 1999ರ ಹೊತ್ತಿಗೆ ಹೆಚ್ಚುಕಡಿಮೆ ಎರಡು ಪಟ್ಟಾಗಿ 5.6 ಲಕ್ಷ ದಾಟಿತು. ಫಿಲಡೆಲ್ಫಿಯಾದ ವೈದ್ಯೆ ಹಲ್ಲಮ್ ಹರ್ಟ್ ಮಾತ್ರ 1989–92ರಲ್ಲಿ ಹುಟ್ಟಿದ 224 ಮಕ್ಕಳನ್ನು ಎರಡು ದಶಕಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಹಿಂಬಾಲಿಸಿದರು. ಅವರಲ್ಲಿ ಅರ್ಧದಷ್ಟು ಮಕ್ಕಳ ತಾಯಂದಿರು ಕೊಕೇನ್ ಬಳಸಿದ್ದರು, ಉಳಿದವರು ಬಳಸಿರಲಿಲ್ಲ. ಎರಡೂ ಗುಂಪುಗಳ ಬುದ್ಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎರಡನ್ನೂ ಕುಗ್ಗಿಸಿದ್ದು ಬಡತನ. ಭೂತ ಸುಳ್ಳಾಗಿತ್ತು, ಆದರೆ ಆ ವೇಳೆಗೆ ಎಷ್ಟೋ ಮಕ್ಕಳು ಆ ಹಣೆಪಟ್ಟಿ ಹೊತ್ತು ಶಾಲೆ ಮುಗಿಸಿದ್ದರು.

ಅಪಾಯ ನಿಜವಾಗಿಯೂ ಮನೆಯ ಗೋಡೆಯಲ್ಲೇ ಇದ್ದದ್ದು ಮೆಥ್ (ಮೆಥಾಂಫೆಟಮಿನ್) ಕಾಲದಲ್ಲಿ. ನೆಗಡಿ ಮಾತ್ರೆ, ಕೆಂಪು ರಂಜಕ, ಅಯೋಡಿನ್, ಆಮ್ಲಗಳಿಂದ ಈ ಮಾದಕವನ್ನು ಅಡುಗೆಮನೆಯಲ್ಲೇ ಬೇಯಿಸಬಹುದಿತ್ತು. ಆವಿ ಗೋಡೆಗೆ, ಹಾಸಿಗೆಗೆ, ನೆಲಹಾಸಿಗೆ ಅಂಟುತ್ತದೆ. ಅದೇ ನೆಲಹಾಸಿನ ಮೇಲೆ ಕೂಸು ಅಂಬೆಗಾಲಿಟ್ಟು ಆ ಕೈಯನ್ನೇ ಬಾಯಿಗಿಡುತ್ತದೆ. 1995ರ ಡಿಸೆಂಬರ್ 26ರಂದು ಕ್ಯಾಲಿಫೋರ್ನಿಯಾದ ಅಗ್ವಾಂಗಾ ಎಂಬಲ್ಲಿ ಇಂಥ ಬೇಯಿಸುವಿಕೆಗೆ ಬೆಂಕಿ ಹೊತ್ತಿ ಒಂದೇ ತಾಯಿಯ ಮೂವರು ಮಕ್ಕಳು ಸುಟ್ಟು ಸತ್ತರು.

ಅದಕ್ಕೂ ಎರಡು ವರ್ಷ ಮೊದಲು, 1993ರಲ್ಲಿ, ಅದೇ ರಾಜ್ಯದ ಬ್ಯೂಟ್ ಕೌಂಟಿಯಲ್ಲಿ ಸೂ ವೆಬರ್-ಬ್ರೌನ್ ಎಂಬ ತನಿಖಾಧಿಕಾರಿ ಒಂದು ಹೊಸ ಪದ್ಧತಿಗೆ ಕೈಹಾಕಿದ್ದರು. ಅಲ್ಲಿಯವರೆಗೆ ದಾಳಿಗೆ ಹೋದ ಪೊಲೀಸರು ಆರೋಪಿಗಳನ್ನು ಹಿಡಿದು, ಮಕ್ಕಳನ್ನು ಸಿಕ್ಕಿದ ನೆರೆಯವರಿಗೋ ನೆಂಟರಿಗೋ ಒಪ್ಪಿಸಿ ಹೊರಡುವುದೇ ರೂಢಿ. ಹೊಸ ಪದ್ಧತಿಯಲ್ಲಿ ಪೊಲೀಸರು, ಮಕ್ಕಳ ಕಲ್ಯಾಣ ಸಿಬ್ಬಂದಿ, ಸರ್ಕಾರಿ ವಕೀಲರು, ವೈದ್ಯರು ಒಂದೇ ತಂಡವಾದರು. ಇಂಥ ತಂಡಗಳು ಬೇರೆ ರಾಜ್ಯಗಳಲ್ಲೂ ಹುಟ್ಟಿದವು, ಕೆಲಸಕ್ಕೊಂದು ಕ್ರಮವೂ ಬೆಳೆಯಿತು. ಮಗುವಿನ ಮೈಮೇಲಿನ ಬಟ್ಟೆ ತೆಗೆಸಿ, ಸ್ನಾನ ಮಾಡಿಸಿ, ಹೊಸ ಬಟ್ಟೆ ತೊಡಿಸಬೇಕು. ಹೊತ್ತು ಮೀರುವ ಮೊದಲೇ ಮೂತ್ರ ಪರೀಕ್ಷೆಯಾಗಬೇಕು. ಮನೆಯ ಯಾವ ವಸ್ತುವೂ ಜೊತೆಗೆ ಬರಕೂಡದು, ಮಗು ತಬ್ಬಿ ಮಲಗುತ್ತಿದ್ದ ಬೊಂಬೆಯೂ ವಿಷ ಹೀರಿರುತ್ತದೆ. ಅಪ್ಪ ಅಮ್ಮ, ಮನೆ, ಬೊಂಬೆ ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ಕಳೆದುಕೊಂಡ ಮಗುವಿನ ಮುಂದೆ ಆ ಸಿಬ್ಬಂದಿ ಕೂರಬೇಕಿತ್ತು. 2006ರಲ್ಲಿ ಜಾರಿಗೆ ಬಂದ ಕೇಂದ್ರ ಕಾಯ್ದೆ ನೆಗಡಿ ಮಾತ್ರೆಗಳನ್ನು ಔಷಧದಂಗಡಿಯ ಕಟ್ಟೆಯ ಹಿಂದಕ್ಕೆ ಸರಿಸಿದ ಮೇಲೆ ಇಂಥ ಅಡುಗೆಮನೆಗಳು ಕಡಿಮೆಯಾದವು.

ಸಾಕುಮನೆಯಲ್ಲಿ ವರ್ಷಗಟ್ಟಲೆ ತೇಲುವ ಮಕ್ಕಳಿಗೆ ನೆಲೆ ಕೊಡಲೆಂದು 1997ರ ಕಾಯ್ದೆ ಒಂದು ಗಡುವು ಹಾಕಿತು. ಕಳೆದ 22 ತಿಂಗಳಲ್ಲಿ 15 ತಿಂಗಳು ಮಗು ಹೊರಗಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ತಂದೆ ತಾಯಿಯ ಹಕ್ಕು ರದ್ದಿಗೆ ಸರ್ಕಾರ ಅರ್ಜಿ ಹಾಕಬೇಕು. ಮಗುವಿನ ಬಾಲ್ಯ ಕಾಯುವುದಿಲ್ಲ ಎಂಬುದು ಸರಿಯೇ. ಆದರೆ ಚಟ ಬಿಡುವವರು ಎದ್ದು ಬಿದ್ದು ಎದ್ದು ನಡೆಯುವವರು, ಚಿಕಿತ್ಸೆಗೆ ಜಾಗ ಸಿಗುವಷ್ಟರಲ್ಲೇ ತಿಂಗಳುಗಳು ಕಳೆಯುತ್ತವೆ. ಈ ಇಕ್ಕಟ್ಟಿಗೆ ನೆವಾಡಾದ ರೀನೋ ನಗರದ ನ್ಯಾಯಾಧೀಶ ಚಾರ್ಲ್ಸ್ ಮೆಗೀ 1990ರ ದಶಕದ ನಡುವಿನಲ್ಲೇ ಒಂದು ದಾರಿ ತೋರಿದ್ದರು. ಅದು ತಂದೆ ತಾಯಿಯರನ್ನು ಮತ್ತೆ ಮತ್ತೆ ಎದುರು ಕರೆದು, ಚಿಕಿತ್ಸೆಯನ್ನೂ ಮಗುವಿನ ಕ್ಷೇಮವನ್ನೂ ಒಟ್ಟಿಗೆ ವಿಚಾರಿಸುವ ನ್ಯಾಯಾಲಯ. ಲಂಡನ್ನಿನ ನ್ಯಾಯಾಧೀಶ ನಿಕೊಲಸ್ ಕ್ರೈಟನ್ ಅಮೆರಿಕದ ಈ ಮಾದರಿಯನ್ನು 2008ರಲ್ಲಿ ಅಲ್ಲಿಗೂ ಒಯ್ದರು.

ಈ ಶತಮಾನದಲ್ಲಿ ಮತ್ತೆ ವೈದ್ಯರ ಚೀಟಿಯಿಂದಲೇ ಹೊಸ ಅಲೆ ಎದ್ದಿತು. ನೋವಿನ ಮಾತ್ರೆಗಳ ಚಟಕ್ಕೆ ಬಿದ್ದ ತಾಯಂದಿರು ಹೆಚ್ಚಿದಂತೆ, ಹುಟ್ಟುತ್ತಲೇ ಅಮಲಿನ ಹಂಬಲದಿಂದ ನರಳುವ ಕೂಸುಗಳು 2000ದಲ್ಲಿ ಸಾವಿರಕ್ಕೆ 1.2 ಇದ್ದದ್ದು 2009ರಲ್ಲಿ 3.4ಕ್ಕೆ ಏರಿದವು. ವೈದ್ಯೆ ಲೊರೆಟ್ಟಾ ಫಿನೆಗನ್ 1975ರಲ್ಲಿ ರೂಪಿಸಿದ ಅಂಕಪಟ್ಟಿಯಂತೆ ಕೆಲವು ಗಂಟೆಗೊಮ್ಮೆ ಕೂಸಿನ ನಡುಕ, ಅಳು, ಸೀನು, ನಿದ್ದೆ ಎಣಿಸಿ, ಅಂಕ ಹೆಚ್ಚಾದರೆ ಮಾರ್ಫಿನ್ ಕೊಡುವುದು ವಾಡಿಕೆಯಾಗಿತ್ತು. ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ವೈದ್ಯ ಮ್ಯಾಥ್ಯೂ ಗ್ರಾಸ್‌ಮನ್ ಮತ್ತು ಸಂಗಡಿಗರು ಮೂರೇ ಪ್ರಶ್ನೆ ಕೇಳಿದರು. ಕೂಸು ಹಾಲು ಕುಡಿಯುತ್ತಿದೆಯೇ, ಮಲಗುತ್ತಿದೆಯೇ, ಸಂತೈಸಿದರೆ ಸುಮ್ಮನಾಗುತ್ತಿದೆಯೇ? ದೀಪ ಮಂದ ಮಾಡಿ, ತಾಯಿಯನ್ನು ಪಕ್ಕದಲ್ಲೇ ಇರಿಸಿ, ಮಡಿಲನ್ನೇ ಮೊದಲ ಮದ್ದಾಗಿಸಿದರು. ಮಾರ್ಫಿನ್ ಬೇಕಾದ ಕೂಸುಗಳು ನೂರಕ್ಕೆ 98ರಿಂದ 14ಕ್ಕೆ ಇಳಿದವು. ಹಲವು ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲೂ ಕೂಸು ಮನೆಗೆ ಹೊರಡುವ ಸ್ಥಿತಿಗೆ ಬರಲು ಬೇಕಾದ ಅವಧಿ ಸರಾಸರಿ 14.9 ದಿನದಿಂದ 8.2 ದಿನಕ್ಕಿಳಿಯಿತು. ಹಾರ್ಲೆಮ್‌ನ ಅಜ್ಜಿ ರಾತ್ರಿಯಿಡೀ ನಡೆಯುತ್ತ ಮಾಡಿದ್ದೂ ಇದನ್ನೇ.

2018ರ ಕಾಯ್ದೆ ಮಗುವನ್ನು ಮನೆಯಿಂದ ಬೇರ್ಪಡಿಸಿದ ಮೇಲಷ್ಟೇ ಅಲ್ಲ, ಬೇರ್ಪಡಿಸುವ ಮೊದಲೇ ತಂದೆ ತಾಯಿಯ ಚಿಕಿತ್ಸೆಗೆ ಕೇಂದ್ರದ ಹಣ ಬಳಸಲು ಅವಕಾಶ ಕೊಟ್ಟಿತು. ಮಗು ಚಿಕಿತ್ಸಾಲಯದಲ್ಲಿ ಅಮ್ಮನ ಜೊತೆಗೇ ಇರಬಹುದು, ಅಜ್ಜ ಅಜ್ಜಿಯರ ಬಳಿ ಬೆಳೆಯುವುದಾದರೆ ಅವರಿಗೂ ನೆರವು ಸಿಗಬಹುದು. ಅಷ್ಟರಲ್ಲಿ ಅನೇಕರಿಗೆ ಕಾಲ ಮೀರಿತ್ತು. 2011ರಿಂದ 2021ರವರೆಗೆ ಮಿತಿಮೀರಿದ ಮಾದಕ ಸೇವನೆಯಿಂದ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಅಮೆರಿಕದ ಮಕ್ಕಳು, 2024ರ ಅಧ್ಯಯನವೊಂದರ ಅಂದಾಜಿನಂತೆ, 3,21,566.