ಜ್ವರ ಬಿಟ್ಟ ಮೇಲೆ ಬಂದ ಸಕ್ಕರೆ

ಎಂಟು ವರ್ಷದ ಮಗುವಿಗೆ ಶುಗರ್ ಅಂತ ಗೊತ್ತಾದ್ರೆ ನಮ್ಮ ಆನೇಕಲ್ ಕಡೆ ಮೊದಲು ಮಾತು ಕೇಳೋದು ತಾಯಿ. ‘ಅಷ್ಟೊಂದು ಚಾಕಲೇಟ್ ಯಾಕೆ ಕೊಡಿಸಿದೆ?’ ಚಾಕಲೇಟಿಗೂ ಟೈಪ್ ಒನ್ ಮಧುಮೇಹಕ್ಕೂ ಸಂಬಂಧವೇ ಇಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹದ ರಕ್ಷಣಾ ಪಡೆಯೇ ಕೊಂದುಹಾಕುತ್ತದೆ. ಆ ಪಡೆಯನ್ನು ಕೆರಳಿಸಿದ್ದು ಯಾರು? ಅನುಮಾನ ವೈರಸ್ ಮೇಲೆ, ಅದೂ ನೂರೈವತ್ತು ವರ್ಷಕ್ಕಿಂತ ಹಳೆಯ ಅನುಮಾನ.

ಮಂಗನಬಾವಿನ ಬೆನ್ನಿಗೇ ಸಕ್ಕರೆ ಕಾಯಿಲೆ ಹಿಡಿದ ರೋಗಿಯ ಬಗ್ಗೆ ನಾರ್ವೆಯ ವೈದ್ಯ ಸ್ಟಾಂಗ್ 1864ರಲ್ಲೇ ಬರೆದಿದ್ದರು. 1927ರಲ್ಲಿ ಅದೇ ದೇಶದ ಗುಂಡರ್ಸನ್ ಸಾವಿನ ಲೆಕ್ಕ ತೆಗೆದು ನೋಡಿದರು. ಮಂಗನಬಾವು ಹಬ್ಬಿ ಕೆಲವು ವರ್ಷ ಕಳೆದ ಮೇಲೆ ಸಕ್ಕರೆ ಕಾಯಿಲೆಯ ಸಾವುಗಳು ಏರಿದ್ದವು. 1969ರಲ್ಲಿ ಬ್ರಿಟನ್ನಿನ ಗ್ಯಾಂಬಲ್ ಮತ್ತು ಟೇಲರ್ ಬೆರಳು ತೋರಿಸಿದ್ದು ಕಾಕ್ಸಾಕಿ ಬಿ4 ಎಂಬ ವೈರಸ್ ಕಡೆಗೆ.

1979ರ ಅಮೆರಿಕದ ಪ್ರಕರಣ ಓದಿದರೆ ಈಗಲೂ ಸಂಕಟವಾಗುತ್ತೆ. ಹತ್ತು ವರ್ಷದ ಹುಡುಗ. ಫ್ಲೂ ಥರದ ಜ್ವರ, ಮೂರೇ ದಿನದಲ್ಲಿ ಸಕ್ಕರೆ ವಿಪರೀತ ಏರಿ ಆಸ್ಪತ್ರೆ, ಒಂದು ವಾರದಲ್ಲಿ ಸಾವು. ಅವನ ಮೇದೋಜೀರಕದಿಂದ ಅದೇ ಕಾಕ್ಸಾಕಿ ವೈರಸ್ ತೆಗೆದು ಇಲಿಗಳಿಗೆ ಚುಚ್ಚಿದರೆ ಅವುಗಳಿಗೂ ಸಕ್ಕರೆ ಬಂತು!

ಕಳ್ಳ ಸಿಕ್ಕಿಬಿದ್ದ ಅನ್ನೋ ಹಾಗಿಲ್ಲ. ಈ ರೋಗಿಗಳ ರಕ್ತದಲ್ಲಿ ಬಾಟ್ಟಾಸೊ ಮೊದಲಾದವರು 1974ರಲ್ಲಿ ಪತ್ತೆಮಾಡಿದ ಪ್ರತಿಕಾಯಗಳು, ರೋಗ ಕಾಣಿಸೋ ಎಷ್ಟೋ ವರ್ಷ ಮೊದಲೇ ಇರುತ್ತವೆ ಅಂತ ಆಮೇಲೆ ಗೊತ್ತಾಯಿತು. ಹಾಗಾದರೆ ಮೊನ್ನೆಯ ಜ್ವರ ಬರೀ ಕೊನೆಯ ಏಟು ಇರಬಹುದು. ಮೊದಲ ಏಟು ಕೊಟ್ಟದ್ದು ಎಂದೋ ಬಂದುಹೋದ, ಯಾರಿಗೂ ನೆನಪಿಲ್ಲದ ನೆಗಡಿಯೋ ಭೇದಿಯೋ.

ವೈರಸ್ ಒಂದೇ ಸಾಲದು ಅನ್ನೋದಕ್ಕೆ ನಮ್ಮ ರಾಜ್ಯದ ಲೆಕ್ಕವೇ ಸಾಕ್ಷಿ. 1995ರಿಂದ ಹದಿಮೂರು ವರ್ಷ ಬರೆದಿಟ್ಟ ಕರ್ನಾಟಕದ ನೋಂದಣಿಯಲ್ಲಿ ಲಕ್ಷಕ್ಕೆ 3.7 ಹುಡುಗರು, 4 ಹುಡುಗಿಯರು. ಫಿನ್‌ಲೆಂಡಿನ ಮಕ್ಕಳಲ್ಲಿ ಐವತ್ತಕ್ಕೂ ಹೆಚ್ಚು. ವೈರಸ್ಸಿಗೇನು ನಮ್ಮಲ್ಲಿ ಬರವೇ? ಹುಟ್ಟಿನಿಂದ ಬಂದ ಜೀನುಗಳೂ ಕೈ ಜೋಡಿಸಬೇಕು.

ನಮ್ಮ ತಾಲ್ಲೂಕಿನ ಹೊಸೂರು ರಸ್ತೆಯಲ್ಲೇ ಇರುವ ಬಯೋಕಾನ್ 2004ರಲ್ಲಿ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ ಮಾರುಕಟ್ಟೆಗೆ ಬಿಟ್ಟಿತು. ಮದ್ದು ಇಷ್ಟು ಹತ್ತಿರ ಇದೆ. ಆದರೂ ಜ್ವರ ಬಿಟ್ಟ ಮಗು ಚೊಂಬುಗಟ್ಟಲೆ ನೀರು ಕುಡೀತಾ, ರಾತ್ರಿ ಹಾಸಿಗೆ ಒದ್ದೆ ಮಾಡ್ತಾ, ಸೊರಗ್ತಾ ಇದ್ದರೆ ‘ಜ್ವರದ ಸುಸ್ತು, ಸರಿಹೋಗುತ್ತೆ ಬಿಡು’ ಅಂತಾರೆ. ಬೆರಳಿಗೆ ಸೂಜಿ ಚುಚ್ಚಿ ನೋಡೋಕೆ ಒಂದು ನಿಮಿಷ ಸಾಕು.